ಕರಗಿಸುವ ಮುನ್ನ ಬರೆದಿಡೋಣ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ಮಣ್ಣಿನೊಳಗಿಂದ ಬಗೆಬಗೆಯ ಕಲ್ಲಿನ ಮಣಿಗಳು, ಚಿಪ್ಪಿನ ಮಣಿಗಳು ಹೊರಬಂದವು. ಸಾವಿರಾರು ವರ್ಷಗಳ ಹಿಂದೆ ಯಾರೋ ತಾಳ್ಮೆಯಿಂದ ಕೊರೆದು, ಪೋಣಿಸಿ, ಕೊರಳಿಗೆ ಹಾಕಿಕೊಂಡಿದ್ದ ಮಣಿಗಳು ಅವು. ಅದೇ ಸೀಮೆಯ ವಳಕಮದಿನ್ನಿಯಂಥ ಊರುಗಳಲ್ಲಿ ಇಂದು ಅಜ್ಜಿಯ ಬಂಗಾರದ ಬೋರಮಾಳ ಸರ ಮೊಮ್ಮಗಳ ಮದುವೆಯ ತನಕ ಉಳಿದರೆ ಅದೇ ದೊಡ್ಡದು. ಕಲ್ಲಿನ ಮಣಿಯನ್ನು ಯಾರೂ ಕರಗಿಸಲಾರರು, ಅದು ಉಳಿಯಿತು. ಬಂಗಾರಕ್ಕೆ ಎಂದೂ ಬೆಲೆಯಿದೆ, ಅದು ಮತ್ತೆ ಮತ್ತೆ ಕುಲುಮೆಗೆ ಹೋಗುತ್ತದೆ.

ಹಾಗೆಂದು ಬಂಗಾರ ಈ ನಾಡಿಗೆ ಪರಕೀಯವಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಜನ ಬಂಡೆ ಸೀಳಿ ಆಳಕ್ಕಿಳಿದಿದ್ದರು. ಆದರೆ ಗಣಿಯಿಂದ ಬರುವುದು ಬರೀ ಲೋಹ. ಅದಕ್ಕೆ ಅರ್ಥ ಕೊಟ್ಟವರು ಒಡವೆ ಮಾಡುವ ಪತ್ತಾರರು ಮತ್ತು ತೊಟ್ಟವರು. ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕೂದಲಿನಿಂದ ಕೆನ್ನೆಯ ಪಕ್ಕ ಇಳಿಬೀಳುವ ಬೆಳ್ಳಿಯ ಗೂಗರಿ, ಟೋಪ್ಲಿ ಮದುವೆಯಾದವಳ ಗುರುತು. ಲಿಂಗವಂತರ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗವಿದೆ. ಶರಣರ ದಾರಿಯಲ್ಲಿ ಅದನ್ನು ಧರಿಸಲು ಗಂಡು, ಹೆಣ್ಣೆಂಬ ಭೇದವಿಲ್ಲ. ಒಡವೆಯ ಅರ್ಥಗಳೆಲ್ಲ ಹೀಗೆ ಹಿತವಾದವೇನಲ್ಲ. ಗಂಡ ತೀರಿಕೊಂಡ ದಿನ ತಾಳಿ, ಕಾಲುಂಗುರ ತೆಗೆಸುವ ಕ್ರೌರ್ಯವೂ ಅದೇ ಪರಂಪರೆಯಲ್ಲಿದೆ. ಆ ಪದ್ಧತಿ ಹೋಗಲೇಬೇಕು, ಆದರೆ ಅದರ ನೆನಪನ್ನು ಅಳಿಸಬಾರದು.

ನೆನಪನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಐರ್ಲೆಂಡಿನ ಕೆಲ್ಟಿಕ್ ಶೈಲಿಯ ಒಡವೆಗಳ ಕಥೆ ನಮಗೊಂದು ದಾರಿ ತೋರಿಸುತ್ತದೆ. 1850ರಲ್ಲಿ ಅಲ್ಲಿನ ಬೆಟ್ಟಿಸ್‌ಟೌನ್ ಬಳಿ ಉಡುಪಿಗೆ ಚುಚ್ಚಿಕೊಳ್ಳುವ, ಚಿನ್ನದ ಲೇಪದ ಬೆಳ್ಳಿಯ ಪಿನ್ನೊಂದು ಸಿಕ್ಕಿತು. ಸುಮಾರು 1300 ವರ್ಷ ಹಳೆಯ ಆ 'ತಾರಾ ಬ್ರೂಚ್' ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವಾದ ಸುರುಳಿಗಳು, ಹೆಣೆದುಕೊಂಡ ಪ್ರಾಣಿಗಳು. ಡಬ್ಲಿನ್ನಿನ ಆಭರಣ ವ್ಯಾಪಾರಿ ವಾಟರ್‌ಹೌಸ್ ಅದರ ಪ್ರತಿಗಳನ್ನು ಮಾಡಿಸಿ ಮಾರಿದ. ಮೂಲ ಇಂದು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ವಿನ್ಯಾಸ ಜನರ ಮೈಮೇಲೆ ಬದುಕಿದೆ. ಗಾಲ್ವೇ ಕಡೆಯ ಕ್ಲಾಡಾ ಉಂಗುರದ ಎರಡು ಕೈಗಳು ಸ್ನೇಹ, ಹೃದಯ ಪ್ರೀತಿ, ಕಿರೀಟ ನಿಷ್ಠೆ ಎಂಬುದನ್ನು ದೂರದೇಶಕ್ಕೆ ಹೋದ ಐರಿಷ್ ಮನೆತನಗಳೂ ಮಕ್ಕಳಿಗೆ ಹೇಳಿಕೊಡುತ್ತ ಬಂದಿವೆ.

ಮಳೆ ಕೈಕೊಟ್ಟ ವರ್ಷ, ಆಸ್ಪತ್ರೆಯ ಖರ್ಚು ಬಂದಾಗ, ಮಗಳ ಮದುವೆ ಗೊತ್ತಾದಾಗ ರೈತನ ಮನೆಯ ಒಡವೆ ಅಡವಿಗೆ ಹೋಗುತ್ತದೆ, ಇಲ್ಲವೇ ಕರಗುತ್ತದೆ. ಅದು ತಪ್ಪಲ್ಲ, ಕಷ್ಟಕ್ಕೆ ಆಗಲೆಂದೇ ಹಿರಿಯರು ಮಾಡಿಸಿಟ್ಟದ್ದು. ಆದರೆ ಹೊಸ ಫ್ಯಾಷನ್ನಿಗಾಗಿ ಹಳೆಯದನ್ನು ಕರಗಿಸುವಾಗ ಅಂಗಡಿಯವರು ತೂಕಕ್ಕೆ ಬೆಲೆ ಕಟ್ಟುತ್ತಾರೆ, ಅಚ್ಚಿಗೆ ಕಟ್ಟುವುದಿಲ್ಲ. ಆ ಅಚ್ಚು ತಯಾರಿಸಿದ ಪತ್ತಾರನ ಕೈಚಳಕವೂ ಅವನ ಜೊತೆಗೇ ಮುಗಿದುಹೋಗುತ್ತದೆ.

ಓದುಗರಲ್ಲಿ ನಮ್ಮ ಬೇಡಿಕೆ ಇಷ್ಟೇ. ಒಡವೆಯನ್ನು ಕುಲುಮೆಗೆ ಕೊಡುವ ಮುನ್ನ ಅದರ ಎರಡೂ ಬದಿಯ ಫೋಟೊ ತೆಗೆಯಿರಿ. ಹೆಸರೇನು, ಮಾಡಿದವರು ಯಾರು, ಯಾವ ಸಂದರ್ಭಕ್ಕೆ ಹಾಕುತ್ತಿದ್ದರು, ಯಾರು ಹಾಕಬಾರದಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಸಾಧ್ಯವಾದರೆ ಅದೇ ಅಚ್ಚಿನಲ್ಲಿ ಬೆಳ್ಳಿಯದೊಂದು ಪ್ರತಿ ಮಾಡಿಸಿ. ಪತ್ತಾರರಿಗೆ ಕೆಲಸವೂ ಸಿಗುತ್ತದೆ, ಮಕ್ಕಳಿಗೆ ನಮ್ಮ ಕಸುಬೂ ಗೊತ್ತಾಗುತ್ತದೆ. ಬರೆದಿಟ್ಟದ್ದನ್ನು ನಮಗೂ ಕಳಿಸಿ. ಒಂದೊಂದನ್ನೂ ಗೌರವದಿಂದ ಪ್ರಕಟಿಸುತ್ತೇವೆ.

— ಸಂಪಾದಕ