ವಂಡರ್‌ಲಾ ಆಯ್ತು, ಮುಂದೆ ಯಾವ ಬೀಚ್?

ನಮ್ಮ ಶೆಟ್ಟಿಹಳ್ಳಿ ಕಡೆಯ ಮನೆಗಳಲ್ಲಿ ಒಂದು ವರ್ಷ ಬಿಡದಿಯ ವಂಡರ್‌ಲಾ ನೋಡಿದರೆ, ಮುಂದಿನ ವರ್ಷ ಮಕ್ಕಳು ಸಮುದ್ರ ಕೇಳುತ್ತಾರೆ. ಬೀಚ್ ಆರಿಸುವಾಗ ದೇವಸ್ಥಾನ, ರೂಮಿನ ಬಾಡಿಗೆ, ಊಟ ಎಲ್ಲ ವಿಚಾರಿಸುತ್ತೇವೆ. ನೀರಿಗಿಳಿದ ಮಕ್ಕಳನ್ನು ಕಾಯೋರು ಯಾರು ಅಂತ ಮೊದಲು ಕೇಳಬೇಕು.

ವೇವ್ ಪೂಲ್‌ನಲ್ಲಿ ಆಳ ಗೊತ್ತಿರುತ್ತದೆ, ಯಂತ್ರ ನಿಲ್ಲಿಸಿದರೆ ಅಲೆಯೂ ನಿಲ್ಲುತ್ತದೆ. ಅಲ್ಲಿ ಕುಣಿದ ಮಗುವಿಗೆ ಸಮುದ್ರವೂ ಹಾಗೇ ಅನ್ನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ಕಿರಿದಾದ ಜಾಗದಲ್ಲಿ ಸೆಳೆತವಾಗಿ ಹಿಂದಕ್ಕೆ ಹರಿಯುತ್ತದೆ, ಈಜು ಬಲ್ಲವರನ್ನೂ ಎಳೆಯುತ್ತದೆ. ಅಲೆ ಕಡಿಮೆ ಇದೆ ಅಂತ ನಾವು ಇಳಿಯುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಮುರುಡೇಶ್ವರಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಕೋಲಾರದಂತೆ ತುಮಕೂರೂ ಕೆರೆಗಳ ಜಿಲ್ಲೆ. ನಮ್ಮ ಮಕ್ಕಳಿಗೂ ಕಡಲು ಹೊಸದು.

ಹಾಗಾಗಿ ಉಡುಪಿ ಜಿಲ್ಲೆಯ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡು ಆರಿಸಿ ಅನ್ನುತ್ತೇನೆ. 2020ರಲ್ಲಿ ಎರಡಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ಸುರಕ್ಷತಾ ವ್ಯವಸ್ಥೆ, ಪ್ರಥಮ ಚಿಕಿತ್ಸೆ, ನೀರಿನ ಪರೀಕ್ಷೆ ಎಲ್ಲ ಬೇಕು. ದೇವರ ದರ್ಶನವೂ ತಪ್ಪುವುದಿಲ್ಲ: ಪಡುಬಿದ್ರಿಯಿಂದ ಉಡುಪಿ, ಕಾಸರಕೋಡಿನಿಂದ ಮುರುಡೇಶ್ವರ ದೂರವೇನಲ್ಲ. ದರ್ಶನ ಅಲ್ಲಿ ಮುಗಿಸಿ, ನೀರಾಟ ಇಲ್ಲಿ ಆಡಿ.

ಅಲ್ಲೂ ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ಶಾಲೆಯವರು ಪ್ರವಾಸದ ಹಣ ಕೇಳಿದಾಗ, ಯಾವ ಬೀಚ್, ಜೀವರಕ್ಷಕರು ಇದ್ದಾರಾ ಎಂದು ಕೇಳಿಯೇ ಸಹಿ ಹಾಕಿ.