ಎದುರು ಗಾಳಿಯಲ್ಲೂ ಮುಂದೆ ಸಾಗುವ ದೋಣಿ



ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸೀಮೆಗೆ ಸಮುದ್ರವಿಲ್ಲ. ಆದರೂ ಸಮುದ್ರದ ಹಾಯಿದೋಣಿ ಪಂದ್ಯದ ಗುಟ್ಟು ನಮ್ಮ ಹಿರಿಯರಿಗೆ ಗೊತ್ತು. ಅದು ಹೇಗೆ ಅಂತೀರಾ?

ನಾನು ಹುಡುಗನಾಗಿದ್ದಾಗ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದೆವು. ಆಚೆ ದಡದಲ್ಲಿ ನೇರ ಎದುರಿಗಿದ್ದ ಮರದ ಹತ್ತಿರ ಇಳಿಯಬೇಕು. ಆದರೆ ಅಂಬಿಗ ಮೊದಲು ಈಚೆ ದಡದ ಅಂಚಿನಲ್ಲೇ ಹೊಳೆ ಬರುವ ದಿಕ್ಕಿಗೆ ಒಂದಷ್ಟು ದೂರ ಹುಟ್ಟು ಹಾಕುತ್ತಿದ್ದ. ಆಮೇಲೆ ಅಡ್ಡ ಹಾಯುತ್ತಿದ್ದ. ಸೆಳವು ನಮ್ಮನ್ನು ಕೆಳಕ್ಕೆ ತಳ್ಳುತ್ತಾ ಸರಿಯಾಗಿ ಆ ಮರದ ಬುಡಕ್ಕೇ ತಂದು ಬಿಡುತ್ತಿತ್ತು. ಅವನು ನೀರಿನ ಜೊತೆ ಜಗಳಕ್ಕೆ ಇಳಿಯುತ್ತಿರಲಿಲ್ಲ, ನೀರಿನಿಂದಲೇ ಕೆಲಸ ಮಾಡಿಸಿಕೊಳ್ಳುತ್ತಿದ್ದ.

ಹೊಳೆಯ ಸೆಳವು ಒಂದೇ ಕಡೆಗೆ. ಸಮುದ್ರದಲ್ಲಿ ಹಾಗಲ್ಲ. ಚಂದ್ರ, ಸೂರ್ಯರ ಸೆಳೆತದಿಂದ ಉಬ್ಬರ, ಇಳಿತ ಆಗುತ್ತವೆ. ಬಹಳಷ್ಟು ಕರಾವಳಿಗಳಲ್ಲಿ ಸುಮಾರು 6 ಗಂಟೆಗೊಮ್ಮೆ ನೀರು ಹರಿಯುವ ದಿಕ್ಕೇ ತಿರುಗುತ್ತದೆ. ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ಬಂಡೆಯೊಂದನ್ನು ಸುತ್ತುವ ಫಾಸ್ಟ್‌ನೆಟ್ ಪಂದ್ಯ 1925ರಲ್ಲಿ ಶುರುವಾಯಿತು. ಅಂಥ ಪಂದ್ಯದಲ್ಲಿ ಗಾಳಿ ಬಿದ್ದುಹೋಗಿ, ನೀರೂ ಎದುರಾದರೆ ಜಾಣ ನಾವಿಕ ಏನು ಮಾಡುತ್ತಾನೆ ಗೊತ್ತೇ? ಲಂಗರು ಇಳಿಸಿ ನಿಂತುಬಿಡುತ್ತಾನೆ! ಉಳಿದ ದೋಣಿಗಳು ನೀರಿನ ಜೊತೆ ಹಿಂದಕ್ಕೆ ತೇಲಿಹೋಗುತ್ತವೆ. ನಿಂತವನೇ ಮುಂದಾಗುತ್ತಾನೆ.

ಗಾಳಿ ಬೀಸುತ್ತಿದ್ದು ಅದೇ ಎದುರಾದರೆ? ಹಾಯಿದೋಣಿ ಗಾಳಿಗೆ ನೇರ ಮುಖ ಕೊಟ್ಟು ಹೋಗಲಾರದು. ಓರೆಯಾಗಿ ಬಲಕ್ಕೆ ಸ್ವಲ್ಪ ದೂರ, ಮತ್ತೆ ತಿರುಗಿ ಎಡಕ್ಕೆ ಸ್ವಲ್ಪ ದೂರ ಹೋಗುತ್ತದೆ. ಕಡಿದಾದ ಏರಿನಲ್ಲಿ ನೀವು ಸೈಕಲ್ಲನ್ನು ಅತ್ತಿತ್ತ ತಿರುಗಿಸುತ್ತಾ ಹತ್ತಿಸುವುದಿಲ್ಲವೇ, ಹಾಗೆ. ದಾರಿ ಸೊಟ್ಟ, ಆದರೆ ಗುರಿ ನೆಟ್ಟಗೆ.

ಗಾಳಿ ದಿಕ್ಕು ಬದಲಿಸಿದರೆ ಏನು ಮಾಡಬೇಕು ಅನ್ನುವುದನ್ನು ನಾಗಮಂಗಲ, ಕೆ.ಆರ್.ಪೇಟೆ ಕಡೆಯ ರಾಗಿ ಕಣದಲ್ಲಿ ಕೇಳಿ. ಗಾಳಿ ನಿಂತರೆ ಮೊರ ಹಿಡಿದವರು ಕಾಯುತ್ತಿದ್ದರು. ಗಾಳಿ ತಿರುಗಿದರೆ ಅವರೂ ತಿರುಗಿ ನಿಲ್ಲುತ್ತಿದ್ದರು. ‘ಗಾಳಿ ಬಂದಾಗ ತೂರಿಕೋ’ ಅನ್ನುವ ಗಾದೆ ಅಲ್ಲಿಂದ ಬಂದದ್ದೇ.

ಇಷ್ಟೆಲ್ಲ ಗೊತ್ತಿದ್ದವರನ್ನೂ ಸಮುದ್ರ ಒಮ್ಮೊಮ್ಮೆ ಕೆಡವುತ್ತದೆ. ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2018ರಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಹೊರಟರು. ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿಯ ಕೂವೆಮರ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೇಲೇಳಲಾಗದೆ ಮಲಗಿದ್ದ ಅವರನ್ನು ಫ್ರಾನ್ಸ್ ದೇಶದ ಹಡಗೊಂದು ಬಂದು ಕಾಪಾಡಿತು. ಮುಂದೆ ಅವರು ಮತ್ತೆ ನಡೆಯುವುದನ್ನು ಅಭ್ಯಾಸ ಮಾಡಿ, 2022ರಲ್ಲಿ ಅದೇ ಪಂದ್ಯಕ್ಕೆ ಇಳಿದರು. ದಾರಿ ತೋರುವ ಜಿಪಿಎಸ್ ಬಳಸುವಂತಿಲ್ಲ, ಸೂರ್ಯ ನಕ್ಷತ್ರಗಳೇ ದಿಕ್ಕು. 236 ದಿನ ಸಾಗಿ, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಮೊದಲು ಮುಟ್ಟಿದವರು ದಕ್ಷಿಣ ಆಫ್ರಿಕಾದ ಹೆಣ್ಣುಮಗಳು ಕರ್ಸ್ಟನ್ ನಾಯ್‌ಶೇಫರ್.

ಅಂಬಿಗನಾಗಲಿ, ರೈತನಾಗಲಿ, ಟಾಮಿಯವರಾಗಲಿ, ಗಾಳಿ ನೀರು ನಮ್ಮ ಮಾತು ಕೇಳಲಿ ಎಂದು ಹಟ ಹಿಡಿದವರಲ್ಲ. ಅವುಗಳ ಮಾತನ್ನು ಇವರೇ ಕಿವಿಗೊಟ್ಟು ಕೇಳಿದರು. ಕಾಯಬೇಕಾದಾಗ ಕಾದರು, ಹೊರಡಬೇಕಾದಾಗ ಹೊರಟರು.

ಈ ವಾರದ ಕೆಲಸ: ಅಜ್ಜ ಅಜ್ಜಿಯ ಕೈ ಹಿಡಿದು ಪಾಂಡವಪುರದ ತೊಣ್ಣೂರು ಕೆರೆಗೋ, ನಿಮ್ಮೂರ ಕೆರೆಗೋ ಹೋಗಿ. ನೀರಿಗೆ ಇಳಿಯಬೇಡಿ, ಏರಿಯ ಮೇಲೆಯೇ ನಿಲ್ಲಿ. ಗಾಳಿ ಬೀಸಿದ ಕಡೆ ನೀರು ಸುಕ್ಕುಗಟ್ಟಿ ಕಪ್ಪಗೆ ಕಾಣುತ್ತದೆ. ಆ ಕಪ್ಪು ಪಟ್ಟೆ ಎಲ್ಲಿಂದ ಎಲ್ಲಿಗೆ ಓಡುತ್ತದೆ, ನೋಡಿ. ಅದು ನಿಮ್ಮನ್ನು ತಲುಪುವ ಮೊದಲೇ ‘ಈಗ ಗಾಳಿ ಬಂತು’ ಎಂದು ಹೇಳಬಲ್ಲಿರಾ? ಹೇಳಿದರೆ ನೀವೂ ಅರ್ಧ ನಾವಿಕರೇ. ಕಣದಲ್ಲಿ ತೂರುತ್ತಿದ್ದ ಕಥೆಯನ್ನು ಹಿಂತಿರುಗುವ ದಾರಿಯಲ್ಲಿ ಅಜ್ಜಿಯಿಂದ ಕೇಳಿಸಿಕೊಳ್ಳಿ.