ಮರಿಹಕ್ಕಿ ಕಂಡರೆ ದೂರ ಸರಿಯೋಣ

ಬೇಸಗೆ ಮುಗಿದು ಮಳೆ ಶುರುವಾಗುವ ಹೊತ್ತಿಗೆ ನಮ್ಮ ಪಂಜದ ತೋಟಗಳಲ್ಲಿ, ಅಂಗಳದ ಹೂಗಿಡಗಳ ಬುಡದಲ್ಲಿ ಪಿಕಳಾರದ ಮರಿಗಳು ಕಾಣಸಿಗುತ್ತವೆ. ಕಂಡ ಕೂಡಲೇ ಎತ್ತಿಕೊಂಡು, ಹಾಲು ಕುಡಿಸಿ, ಸ್ಟೇಟಸ್ ಹಾಕುವವರು ನಮ್ಮ ವಯಸ್ಸಿನವರಲ್ಲಿ ಅನೇಕರು. ಉದ್ದೇಶ ಒಳ್ಳೆಯದೇ. ಆದರೆ ಬದುಕಬೇಕಾದ ಮರಿ ಇದರಿಂದಲೇ ಸಾಯಬಹುದು.

ಮೊದಲು ಗರಿ ನೋಡಿ. ಮೈತುಂಬ ಗರಿಯಿದ್ದು ಕುಪ್ಪಳಿಸುತ್ತಿದ್ದರೆ ಆ ಮರಿ ಅನಾಥವಲ್ಲ, ಹಾರಲು ಕಲಿಯುತ್ತಿದೆ. ಪಿಕಳಾರದ ಮರಿ ಎರಡು ವಾರದೊಳಗೆ, ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತದೆ. ತಂದೆ ತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತವೆ. ನಾವು ಅಲ್ಲೇ ನಿಂತಿದ್ದರೆ ಅವು ಬರುವುದಿಲ್ಲ. ನಾಯಿ, ಬೆಕ್ಕುಗಳನ್ನು ದೂರವಿಟ್ಟರೆ ಸಾಕು.

ಗರಿ ಮೂಡದ ಮರಿಯಾದರೆ ಗೂಡಿಗೇ ಮರಳಿಸಿ. ಗೂಡು ಹಾಳಾಗಿದ್ದರೆ ಪುಟ್ಟ ಬುಟ್ಟಿಯೊಂದನ್ನು ಅದೇ ಗಿಡಕ್ಕೆ ಕಟ್ಟಿ, ಅದರಲ್ಲಿಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಹಕ್ಕಿಗೆ ಹಾಲು ಜೀರ್ಣವಾಗದು. ಬಾಯಿಗೆ ಸುರಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು.

ಗಾಯವಾಗಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಪಂಜದಲ್ಲೇ ವಲಯ ಅರಣ್ಯಾಧಿಕಾರಿ ಕಚೇರಿಯಿದೆ. ಇಲಾಖೆಯ ಸಹಾಯವಾಣಿ 1926. ಮುದ್ದಾಗಿದೆಯೆಂದು ಮನೆಯಲ್ಲಿ ಸಾಕಿಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಎಂಜಿನಿಯರಿಂಗ್ ಓದುತ್ತಿರುವ ನನಗೆ ಸಮಸ್ಯೆ ಕಂಡರೆ ಕೈಹಾಕುವುದೇ ಅಭ್ಯಾಸ. ಇಲ್ಲಿ ಮಾತ್ರ ದೂರ ನಿಂತು, ತಾಯಿಹಕ್ಕಿ ಬರುತ್ತದೆಯೇ ಎಂದು ತಾಳ್ಮೆಯಿಂದ ನೋಡುವುದೇ ಮೊದಲ ಸಹಾಯ.